ಚಾದರದಂಗಡಿಗೆ ಲಿನಕ್ಸ್ ಬಂದದ್ದು

ಹೊಸ ವಸ್ತು ಅಂಗಡಿಯ ಮೆಟ್ಟಿಲು ಹತ್ತಿದರೆ ಮೊದಲು ಹುಟ್ಟುವುದು ಲಾಭವಲ್ಲ, ನಗೆ. ಕ್ಯಾಲ್ಕುಲೇಟರ್ ಬಂದಾಗಲೂ ಹಾಗೇ ಆಯಿತು, ಮೊಬೈಲ್ ಬಂದಾಗಲೂ ಹಾಗೇ. ನಾವು ಬೆಳಗಾವಿಯವರು, ಪಣಜಿಯಲ್ಲಿ ಹೋಟೆಲುಗಳಿಗೆ ಚಾದರ, ಪರದೆ ಪೂರೈಸುತ್ತೇವೆ. ಒಂದು ದೊಡ್ಡ ಹೋಟೆಲಿನ ಖರೀದಿ ಮ್ಯಾನೇಜರು, ಪ್ರವಾಸಿಗರ ಸೀಸನ್ನಿಗೆ ಮೊದಲು ನಿಮ್ಮ ವೆಬ್‌ಸೈಟ್ ನೋಡಿಯೇ ಆರ್ಡರ್ ಕೊಡುತ್ತೇನೆ ಅಂದುಬಿಟ್ಟರು. ನಮಗೆ ವೆಬ್‌ಸೈಟೇ ಇರಲಿಲ್ಲ. ಪಣಜಿ ಹತ್ತಿರದ ಕೊರ್ಲಿಮ್‌ನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಧಾರವಾಡದ ಎಂಜಿನಿಯರ್ ಒಬ್ಬರನ್ನು ಹಿಡಿದೆ.

ಪುಕ್ಕಟೆ ಮಾಲು

"ಇಂಟರ್ನೆಟ್‌ನಾಗ ಒಂದು ಸರ್ವರ್ ಬಾಡಿಗಿಗೆ ಹಿಡಿಯೂಣ್ರಿ ಕಾಕಾ. ಅದರಾಗ ಲಿನಕ್ಸ್ ಹಾಕೂಣು. ಲಿನಕ್ಸ್ ಅಂದ್ರ ಯಂತ್ರ ನಡಸೂ ಸಾಫ್ಟ್‌ವೇರ್, ಪುಕ್ಕಟೆ."

"ಪುಕ್ಕಟೆ? ಏನ್ ಡ್ಯಾಮೇಜ್ ಅದ ಅದರಾಗ?"

"ಏನಿಲ್ರಿ. ಜಗತ್ತಿನ ಮಂದಿ ಕೂಡಿ ಮಾಡ್ಯಾರ."

ವ್ಯಾಪಾರದಲ್ಲೇ ತಲೆ ಬೆಳ್ಳಗಾದವನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ರೂಢಿಬಲದಿಂದ, "ಇನ್ನಷ್ಟು ಕಮ್ಮಿ ಮಾಡಿಸ್ರಿ" ಅಂದುಬಿಟ್ಟೆ.

ವಠಾರ

ಬಾಡಿಗೆಯ ಜಾಗ ನೋಡದೆ ನಾನು ಹಿಡಿದವನಲ್ಲ. ಸರ್ವರ್ ಎಲ್ಲಿದೆ ಎಂದು ಕೇಳಿದೆ.

"ಪರದೇಶದಾಗ್ರಿ. ಒಂದ ದೊಡ್ಡ ಯಂತ್ರ, ಅದರೊಳಗ ಎಷ್ಟೋ ಮಂದಿ ಬಾಡಿಗಿ ಇರತಾರ. ಪ್ರತಿಯೊಬ್ಬರಿಗೂ ತಮ್ಮದ ಮನಿ ಇದ್ದಂಗ ಕಾಣತದ."

ಚಹಾ ತಂದ ನನ್ನಾಕೆ, "ವಾಸ್ಕೋದಾಗ ನಾವಿದ್ದ ವಠಾರ ಹಿಂಗ ಇತ್ತಲ್ಲ," ಅಂದಳು.

"ಬರೋಬ್ಬರಿ ಕಾಕು," ಅಂದರು ಎಂಜಿನಿಯರು.

"ಹಂಗಾದ್ರ ಬಾಜೂದವರು ಎದ್ದು ನಳದ ನೀರು ಹಿಡಿಯೂಕಿಂತ ಮೊದಲ ನೀವು ಹಿಡೀರಿ," ಅಂದಳು ಆಕೆ.

ಆರಿಸಿದ್ದು

ಲಿನಕ್ಸಿನಲ್ಲೂ ನಾನಾ ತಳಿ. ಉಬುಂಟು, ಡೆಬಿಯನ್, ಸೆಂಟ್‌ಓಎಸ್ ಎನ್ನುತ್ತ ಎಂಜಿನಿಯರು ಒಂದೊಂದರ ಗುಣ ಬಣ್ಣಿಸಿದರು. ಒಂದರಲ್ಲಿ ಹೊಸತನ ಹೆಚ್ಚು, ಒಂದರಲ್ಲಿ ಬಾಳಿಕೆ ಹೆಚ್ಚು. ಅರ್ಧ ತಾಸು ಕೇಳಿದೆ.

"ಕೆಟ್ಟು ನಿಂತ್ರ ಯಾರಿಗೆ ಫೋನ್ ಮಾಡಬೇಕ್ರಿ?"

"ನನಗ್ರಿ."

"ನಿಮಗ ಯಾವುದು ಚಲೋ ಬರತದ?"

"ಸೆಂಟ್‌ಓಎಸ್. ಕಾರ್ಖಾನ್ಯಾಗ ಅದನ್ನ ನಡಸ್ತೇನಿ."

"ಅದನ್ನ ಹಾಕ್ರಿ."

"ಇದನ್ನ ಮೊದಲ ಕೇಳಬಾರದಿತ್ತೇನ್ರಿ ಕಾಕಾ?"

"ಮೊದಲ ಕೇಳಿದ್ರ ಚಹಾ ಕುಡೀದ ಹೋಗತಿದ್ರಿ."

ಬಿಚ್ಚಿ ನೋಡಿದ್ದು

ಸೈಟು ಸಿದ್ಧವಾಯಿತು. ಎಂಜಿನಿಯರು ಮದುವೆಗೆಂದು ಧಾರವಾಡಕ್ಕೆ ಹೋದರು. ಬಟ್ಟೆ ಅಂಗಡಿಯವನ ಕೈ ಸುಮ್ಮನಿರುವುದಿಲ್ಲ. ಒಂದು ಥಾನು ಆರಿಸಿದ ಮೇಲೂ ಇನ್ನೊಂದನ್ನು ಬಿಚ್ಚಿ ನೋಡಬೇಕು. ಸೈಟು ನೋಡಲು ಮ್ಯಾನೇಜರು ಅಂಗಡಿಗೆ ಬರುವ ದಿನ ಬೆಳಿಗ್ಗೆ ಸರ್ವರಿನ ಪಟ್ಟಿಯಲ್ಲಿ ವೆಬ್‌ಸೈಟಿನ ಸರಂಜಾಮು ಸಮೇತ ಉಬುಂಟು ಕಂಡಿತು, ಒತ್ತಿದೆ. ಕೆಂಪಕ್ಷರದಲ್ಲಿ ಏನೋ ಎಚ್ಚರಿಕೆ ಬಂತು, ಅದಕ್ಕೂ ಹೂಂ ಅಂದೆ. ಚಿತ್ರ, ದರ ಎಲ್ಲ ಮಾಯ. ಉಳಿದದ್ದು ಖಾಲಿ ಬಿಳಿ ಪುಟ, ಮೇಲೆ ಮೂಲೆಯಲ್ಲಿ "ಇಟ್ ವರ್ಕ್ಸ್", ಕೆಲಸ ಮಾಡುತ್ತಿದೆ, ಅಂತ ಇಂಗ್ಲಿಷಿನ ಎರಡೇ ಶಬ್ದ.

ಧಾರವಾಡಕ್ಕೆ ಫೋನ್ ಹಚ್ಚಿದೆ.

"ಕಾಕಾ, ಅದು ಬಿಚ್ಚಿ ನೋಡೂದಲ್ರಿ. ಅಂಗಡಿ ಕೆಡವಿ ಹೊಸದು ಕಟ್ಟೂದು. ಚಿಂತಿ ಬ್ಯಾಡ, ಹಳೇ ಸೈಟಿನ ನಕಲು ನನ್ನ ಕಡೆ ಅದ. ಸಂಜೀಕ ಹಾಕತೇನಿ."

ಸಂಜೆಯ ತನಕ ಯಾರು ಕಾಯಬೇಕು? ಮ್ಯಾನೇಜರು ಆಗಲೇ ಒಳಗೆ ಬಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಿದ್ದರು. ಬಹಳ ಹೊತ್ತು ನೋಡಿದರು. ಗಿರಾಕಿ ಯೋಚಿಸುವಾಗ ಮಾತಾಡಬಾರದು.

"ಬೇರೆಯವರ ಸೈಟಿನಲ್ಲಿ ಹೂವು ಕುಣಿಯುತ್ತವೆ, ಹಾಡು ಬಡಿದುಕೊಳ್ಳುತ್ತದೆ," ಅಂದರು ಕೊಂಕಣಿಯಲ್ಲಿ. "ನೀವು ಬಿಳಿ ಚಾದರ ಹಾಸಿಟ್ಟಿದ್ದೀರಿ. ಒಂದು ಕಲೆ ಇಲ್ಲ. ಜಾಹೀರಾತು ಅಂದರೆ ಇದು." ಎದ್ದು ಹೋಗುವ ಮುಂಚೆ ಇಡೀ ಹೋಟೆಲಿನ ಆರ್ಡರ್ ಹೇಳಿ ಹೋದರು.

ಸಂಜೆ ಎಂಜಿನಿಯರರ ಫೋನು. "ಎಲ್ಲಾ ತಯಾರ್ ಅದ ರಿ. ಚಿತ್ರ ವಾಪಸ್ ಹಾಕಲ್ಯಾ?"

"ತಡೀರಿ," ಅಂದೆ, "ನಾಳೆ ಇನ್ನೊಂದು ಹೋಟೆಲಿನವರು ಬರಾಕತ್ತಾರ."