ಕಪ್ಪು ತೊಟ್ಟೆಯ ಮದ್ದು

ಹಿರಿಯಡ್ಕದ ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಇಟ್ಟುಕೊಂಡವಳು ನಗಲಿಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ, ವಾರಕ್ಕೊಂದಾದರೂ ನಗುವಂಥದ್ದು ತಾನಾಗಿಯೇ ಬಂದು ಕೌಂಟರಿನ ಮುಂದೆ ನಿಲ್ಲುತ್ತದೆ. ಅದರಲ್ಲೂ ಹೆಂಗಸರ ಒಳಗಿನ ಸೋಂಕಿನ ಮದ್ದು ಕೊಳ್ಳುವವರದ್ದು ಒಂದು ಬೇರೆಯೇ ಸಂಸಾರ. ಕಾಪುವಿನವರು ಅದನ್ನು ಕಾಪುವಿನಲ್ಲಿ ಕೊಳ್ಳುವುದಿಲ್ಲ, ಕಾರ್ಕಳದವರು ಕಾರ್ಕಳದಲ್ಲಿ ಕೊಳ್ಳುವುದಿಲ್ಲ. ಪರಿಚಯದವರು ನೋಡಿಯಾರು ಎಂಬ ಹೆದರಿಕೆಗೆ ಎಲ್ಲರೂ ಬಸ್ಸು ಹತ್ತಿ ನಡುವಿನ ಹಿರಿಯಡ್ಕಕ್ಕೆ ಬರುತ್ತಾರೆ. ಹಿರಿಯಡ್ಕದವರು ಮಾತ್ರ ನನ್ನ ಅಂಗಡಿಯ ಎದುರಿನಿಂದಲೇ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗುತ್ತಾರೆ.

ಬಂದವರು ಮೊದಲು ಹತ್ತಿಯ ಕಟ್ಟು ಕೇಳುತ್ತಾರೆ. ಆಮೇಲೆ ಬಾಚಣಿಗೆ. ಆಮೇಲೆ ಒಂದು ಸೋಪು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಪರ್ಸಿನ ತಳದಿಂದ ಡಾಕ್ಟರ ಚೀಟಿ ಹೊರಗೆ ಬರುತ್ತದೆ. ನಾನು ಮದ್ದನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕೊಡಬೇಕು. ಬಾಚಣಿಗೆಯನ್ನು ಬಿಳಿ ತೊಟ್ಟೆಯಲ್ಲಿ ಕೊಡುವ ಅಂಗಡಿಯಿಂದ ಕಪ್ಪು ತೊಟ್ಟೆ ಹಿಡಿದು ಇಳಿದರೆ ಇಡೀ ಬಸ್ ಸ್ಟ್ಯಾಂಡಿಗೆ ವಿಷಯ ಗೊತ್ತಾಗುತ್ತದೆ ಎಂದು ಅವರಿಗೆ ಯಾರು ಹೇಳಬೇಕು?

೧. ಬೆಲ್ಲದ ನೀರು

ಬೇರೆಯವರನ್ನು ನಗುವ ಮೊದಲು ನನ್ನದೇ ಹೇಳಿಬಿಡುತ್ತೇನೆ. ಓದು ಮುಗಿಸಿ ಮಣಿಪಾಲದ ಒಂದು ಮೆಡಿಕಲ್ಲಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ಆಗ ನನಗೂ ಭಯಂಕರ ನಾಚಿಕೆ. ಅರುವತ್ತರ ಆಸುಪಾಸಿನ ಒಬ್ಬ ಅಮ್ಮ ಚೀಟಿ ತಂದರು. ಆರು ಮಾತ್ರೆ, ರಾತ್ರಿಗೊಂದು, ಯೋನಿಯೊಳಗೆ ಇಡುವಂಥದ್ದು. ಆ ಶಬ್ದ ನನ್ನ ಗಂಟಲಿನಿಂದ ಹೊರಡಲಿಲ್ಲ.

"ರಾತ್ರಿ ಮಲಗುವಾಗ ಒಂದು," ಎಂದೆ.

ಅವರು ತಲೆಯಾಡಿಸಿದರು. ಅವರಿಗೆ ಅರ್ಥವಾಯಿತೆಂದು ನಾನೂ ತಲೆಯಾಡಿಸಿದೆ. ಮೂರನೆಯ ದಿನ ಅಮ್ಮ ಮುಖ ಹುಳಿ ಮಾಡಿಕೊಂಡು ಹಾಜರಾದರು.

"ಎಂತ ಮದ್ದು ಕೊಟ್ಟದ್ದು ಮಾರಾಯ್ತಿ? ಇಷ್ಟು ದೊಡ್ಡದು! ಗಂಟಲಲ್ಲಿ ಇಳಿಯುವುದೇ ಇಲ್ಲ. ಬೆಲ್ಲದ ನೀರಲ್ಲಿ ಕರಗಿಸಿ ಕುಡಿದೆ, ನೊರೆ ನೊರೆ ಬಂತು."

ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. ಹೆದರುವುದು ಬೇಡ, ಆದರೆ ಇನ್ನು ನುಂಗಿಸಬೇಡಿ, ಮದ್ದು ಸರಿಯಾಗಿ ಮೊದಲಿನಿಂದ ಶುರು ಮಾಡಲಿ ಎಂದು ಅವರು ಹೇಳಿದ ಮೇಲೆಯೇ ನನ್ನ ಉಸಿರು ಬಂದದ್ದು. ಆಮೇಲೆ ಅಮ್ಮನನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿಕೊಂಡು, ಎಲ್ಲಿಡಬೇಕು ಹೇಗಿಡಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಕಣ್ಣು ತೆರೆದಾಗ ಅಮ್ಮ ನನ್ನನ್ನೇ ನೋಡುತ್ತಿದ್ದರು.

"ಅಷ್ಟೇನಾ? ನಾಲ್ಕು ಹೆತ್ತವಳು ನಾನು. ನೀನು ಅವತ್ತೇ ಬಾಯಿ ಬಿಟ್ಟು ಹೇಳಿದ್ದರೆ ನಾನು ಯಾಕೆ ಬಾಯಿಗೆ ಹಾಕುತ್ತಿದ್ದೆ?"

ಅವತ್ತಿನಿಂದ ನಾನು ಬಾಯಿ ಬಿಟ್ಟೇ ಹೇಳುತ್ತೇನೆ. ಈಗ ಗಿರಾಕಿಗಳೇ ಕಿವಿ ಮುಚ್ಚಿಕೊಳ್ಳುತ್ತಾರೆ.

೨. ಕೆಮ್ಮು

ಮಟ್ಟುವಿನ ಒಂದು ಮನೆಯ ಅತ್ತಿಗೆ ಮತ್ತು ನಾದಿನಿ. ಇಬ್ಬರೂ ಒಂದೇ ಮನೆಯವರೆಂದು ನನಗೆ ಗೊತ್ತಿರಲಿಲ್ಲ. ಅತ್ತಿಗೆ ಉಡುಪಿಗೆ ಗುಳ್ಳ ಬದನೆ ಕೊಟ್ಟು ಬರುತ್ತೇನೆಂದು ಹೇಳಿ ಹೊರಟವಳು. ನಾದಿನಿ ಬ್ಯಾಂಕಿಗೆಂದು ಹೇಳಿ ಹೊರಟವಳು. ಇಬ್ಬರೂ ಉಡುಪಿಯಲ್ಲಿ ಇಳಿದು, ಬೇರೆ ಬೇರೆ ಕಾರ್ಕಳ ಬಸ್ಸು ಹಿಡಿದು, ಹತ್ತು ನಿಮಿಷದ ಅಂತರದಲ್ಲಿ ನನ್ನ ಅಂಗಡಿಗೆ ಬಂದಿದ್ದಾರೆ.

ಅತ್ತಿಗೆಯ ಮದ್ದನ್ನು ಕಪ್ಪು ತೊಟ್ಟೆಯಲ್ಲಿ ಹಾಕಿ ಕೌಂಟರಿನ ಮೇಲೆ ಇಟ್ಟಿದ್ದೆ. ಅವಳು ಸೋಪಿನ ಪರಿಮಳ ನೋಡುತ್ತಾ ಮೂಲೆಯಲ್ಲಿ ನಿಂತಿದ್ದಳು. ಅಷ್ಟರಲ್ಲಿ ನಾದಿನಿ ಒಳಗೆ ಬಂದು, ಯಾರೂ ಇಲ್ಲವೆಂದುಕೊಂಡು, ಹತ್ತಿ ಬಾಚಣಿಗೆಗಳ ಪೀಠಿಕೆಯನ್ನೂ ಬಿಟ್ಟು ನೇರವಾಗಿ ಚೀಟಿ ಚಾಚಿದಳು. ಅದೇ ಡಾಕ್ಟರು, ಅದೇ ಕ್ರೀಮು. ನಾನು ಇನ್ನೊಂದು ಕಪ್ಪು ತೊಟ್ಟೆ ಕಟ್ಟಿದೆ. ತಿರುಗಿ ನೋಡಿದಾಗ ಇಬ್ಬರೂ ಮುಖಾಮುಖಿ.

"ನೀನೆಂತ ಇಲ್ಲಿ?" ಎಂದಳು ಅತ್ತಿಗೆ.

"ಕೆಮ್ಮು. ನೀವೆಂತ ಅತ್ತಿಗೆ?"

"ನನಗೂ ಕೆಮ್ಮು."

ಒಬ್ಬಳ ಮದ್ದು ಇನ್ನೊಬ್ಬಳು ತೆಗೆದುಕೊಳ್ಳಬಾರದು, ಮಿಕ್ಕಿದ್ದನ್ನು ಹಂಚಿಕೊಳ್ಳಬಾರದು, ಕ್ರೀಮಿನಲ್ಲಿ ಎಣ್ಣೆಯಂಶ ಇರುವುದರಿಂದ ನಿರೋಧ್ ಹರಿಯಬಹುದು, ಆ ಭರವಸೆಯಲ್ಲಿ ಇರಬಾರದು, ಇಷ್ಟನ್ನು ನಾನು ಹೇಳಲೇಬೇಕು. ಕೆಮ್ಮಿಗೆ ಇದನ್ನೆಲ್ಲ ಹೇಗೆ ಹೇಳುವುದು? ಆದರೂ ಹೇಳಿದೆ. ಇಬ್ಬರೂ ಗೋಡೆಯ ಕ್ಯಾಲೆಂಡರು ನೋಡುತ್ತಾ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಒಂದೇ ನಮೂನೆಯ ಎರಡು ತೊಟ್ಟೆ ಹಿಡಿದು ಹೊರಟರು. ಉಡುಪಿ ಬಸ್ಸು ಬರುವವರೆಗೆ ಹೊರಗೆ ನಿಂತು ಇಬ್ಬರೂ ಸರದಿಯಂತೆ ಕೆಮ್ಮುತ್ತಲೇ ಇದ್ದರು.

೩. ಗದ್ದೆಗೆ ಗೊಬ್ಬರ

ಇದು ಚಿಕ್ಕದು. ಉಡುಪಿಯ ಒಬ್ಬ ಟೀಚರಮ್ಮ, ಬಹಳ ಚೊಕ್ಕ ಮನುಷ್ಯೆ. ಮದ್ದು ನಾಲ್ಕು ರಾತ್ರಿ ಹಾಕಿದರೂ ಗುಣವಿಲ್ಲವೆಂದು ಜೋರು ಮಾಡಲು ಬಂದರು. ವಿಚಾರಿಸಿದರೆ, ರಾತ್ರಿ ಹಾಕಿದ ಮದ್ದನ್ನು ಬೆಳಿಗ್ಗೆ ಎದ್ದು ಲೋಷನ್ ನೀರಿನಿಂದ ಒಳಗೆಲ್ಲ ತೊಳೆದು ತೆಗೆಯುತ್ತಿದ್ದರು. ಈ ಸೋಂಕು ಬರುವುದು ಕೊಳಕಿನಿಂದ ಅಲ್ಲ, ಹಾಗೆ ತೊಳೆದರೆ ಇದ್ದದ್ದೂ ಕೆಡುತ್ತದೆ ಎಂದರೆ ನಂಬಿಕೆಯಿಲ್ಲ.

ನನಗೆ ಸಿಟ್ಟು ಬಂತು. "ಮೇಡಂ, ನೀವು ಗದ್ದೆಗೆ ಗೊಬ್ಬರ ಹಾಕಿ ಮರುದಿನ ಪಂಪು ಬಿಟ್ಟು ತೊಳೆದು ಹೊರಗೆ ಹಾಕುತ್ತೀರಾ?"

ಟೀಚರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮದು ಗದ್ದೆ ಅಲ್ಲ, ಫ್ಲ್ಯಾಟು," ಎಂದರು.

೪. ಮಷೀನಿನ ಕೋರ್ಸು

ಏಳು ರಾತ್ರಿಯ ಕ್ರೀಮು. ಅದನ್ನು ಒಳಗೆ ತಲುಪಿಸಲು ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಸಪೂರ ಕೊಳವೆ ಒಂದು, ಅದನ್ನು ಅಪ್ಲಿಕೇಟರ್ ಎನ್ನುತ್ತಾರೆ. ಕೆಲವು ಒಂದು ಸಲಕ್ಕೆ ಮಾತ್ರ. ಇದು ಪ್ರತಿದಿನ ಸೋಪು ನೀರಿನಲ್ಲಿ ತೊಳೆದು ಒಣಗಿಸಿ ಕೋರ್ಸ್ ಮುಗಿಯುವವರೆಗೆ ಬಳಸುವಂಥದ್ದು. ಕೊಂಡವಳು ಮಣಿಪಾಲಕ್ಕೆ ಹೋಗಲು ನೆಪ ಸಿಗದ, ಇಲ್ಲೇ ಹತ್ತಿರದ ಒಂದು ಮನೆಯ ಸೊಸೆ. ನಾನು ಹೇಳಿದ ಹಾಗೆ ತೊಳೆದು ಬಚ್ಚಲಿನ ಕಿಟಕಿಯಲ್ಲಿ ಒಣಗಲು ಇಟ್ಟಿದ್ದಾಳೆ. ಮರುದಿನ ನೋಡಿದರೆ ಇಲ್ಲ. ಅತ್ತೆಯ ಹತ್ತಿರ ಏನೆಂದು ಕೇಳುವುದು? ಮದ್ದನ್ನೇ ಬಿಟ್ಟುಬಿಟ್ಟಳು.

ವಾರ ಕಳೆದು ಅತ್ತೆಯೇ ಅಂಗಡಿಗೆ ಬಂದರು. ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವ ಗಟ್ಟಿ ಹೆಂಗಸು. ಹಿಂದೆ ಸೊಸೆ, ಮುಖ ಸೆರಗಿನಲ್ಲಿ. ಅತ್ತೆ ಕೊಳವೆಯನ್ನು ಕೌಂಟರಿನ ಮೇಲೆ ಟಪ್ಪೆಂದು ಇಟ್ಟರು.

"ಇದು ನಿಮ್ಮಲ್ಲಿ ಸಿಗುತ್ತದಂತೆ, ಸೊಸೆ ಹೇಳಿದಳು. ಹೊಲಿಗೆ ಮಷೀನಿಗೆ ಎಣ್ಣೆ ಬಿಡ್ಲಿಕ್ಕೆ ಇಷ್ಟು ಚಂದದ್ದು ನಾನು ನೋಡಲೇ ಇಲ್ಲ. ಒತ್ತಿದಷ್ಟೇ ಬರುತ್ತದೆ. ಇನ್ನೆರಡು ಕೊಡಿ. ಸ್ವಲ್ಪ ಉದ್ದದ್ದು ಉಂಟಾ?"

ನನ್ನ ನಿಯಮ ಗೊತ್ತಲ್ಲ, ಬಾಯಿ ಬಿಟ್ಟು ಹೇಳಿದೆ. ಅತ್ತೆ ಕೊಳವೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ಕೈಯನ್ನು ಸೀರೆಗೆ ಒರೆಸಿಕೊಂಡರು. ಆಮೇಲೆ ಬಂದದ್ದು ಸಿಟ್ಟೇ, ಆದರೆ ನಾನಂದುಕೊಂಡ ಸಿಟ್ಟಲ್ಲ. "ನೋವಿದ್ದರೆ ನನ್ನ ಹತ್ತಿರ ಹೇಳ್ಲಿಕ್ಕೆ ಎಂತ ದಾಡಿ ನಿನಗೆ? ನಾನೇನು ಹುಲಿಯಾ?" ಎಂದು ಸೊಸೆಗೆ ಅಲ್ಲಿಯೇ ಬೈದು, ಕೈ ಹಿಡಿದುಕೊಂಡೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರ ಮೇಲೆ ನನಗೆ ಅವತ್ತು ಬಂದ ಪ್ರೀತಿ ಇಂದಿಗೂ ಉಂಟು.

ಲೆಕ್ಕ ನೋಡಿದರೆ ಏಳು ದಿನ ತಪ್ಪದೆ ಕೋರ್ಸ್ ಮುಗಿಸಿದ್ದು ಆ ಮನೆಯಲ್ಲಿ ಹೊಲಿಗೆ ಮಷೀನು ಮಾತ್ರ.

೫. ಟೋಸ್ಟು

ಕಾರ್ಕಳದ ಕಡೆಯ ಒಂದು ಕ್ರಿಶ್ಚಿಯನ್ ಮನೆಯ ಹುಡುಗಿ, ನಿಟ್ಟೆಯಲ್ಲಿ ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುವವಳು. ಒಂದು ಸೋಮವಾರ ಬಂದು ಹತ್ತಿಯನ್ನೂ ಕೇಳಲಿಲ್ಲ, ಬಾಚಣಿಗೆಯನ್ನೂ ಕೇಳಲಿಲ್ಲ, ಚೀಟಿ ಕೊಟ್ಟು ಅಳತೊಡಗಿದಳು. ಬರುವ ಶನಿವಾರ ಮದುವೆ. ಬಿಳಿ ಹೋಗುವುದು, ವಾಸನೆ. "ಮದುವೆಯ ವಾರದಲ್ಲೇ ಹೀಗಾಯಿತಲ್ಲ ಅಕ್ಕಾ, ಅವರು ನನ್ನನ್ನು ಎಂತ ಅಂದುಕೊಳ್ಳುತ್ತಾರೆ?"

ಕೂರಿಸಿ ನೀರು ಕೊಟ್ಟೆ. ಇದು ಯಾರ ತಪ್ಪೂ ಅಲ್ಲ, ಒಳಗಿರುವ ಬ್ಯಾಕ್ಟೀರಿಯಾದ ಲೆಕ್ಕಾಚಾರ ಏರುಪೇರಾದರೆ ಯಾರಿಗೂ ಆಗುತ್ತದೆ ಎಂದೆ. ಮದ್ದು ಮೆಟ್ರೊನಿಡಜೋಲ್ ಜೆಲ್. ಐದು ರಾತ್ರಿ, ಮಲಗುವ ಹೊತ್ತಿಗೆ, ಕೈ ತೊಳೆದು, ಮಲಗಿಕೊಂಡು ಹಾಕಬೇಕು. ವಾಸನೆ ಹೋಯಿತೆಂದು ನಡುವೆ ನಿಲ್ಲಿಸಬಾರದು. ಕೋರ್ಸ್ ಮುಗಿಯುವವರೆಗೆ ಗಂಡ ಹೆಂಡತಿ ಸೇರಬಾರದು. "ಮತ್ತೆ ಕುಡಿಯುವಂತಿಲ್ಲ. ಮುಗಿದು ಮೂರು ದಿನದವರೆಗೆ ವೈನ್ ಕೂಡ ಬೇಡ, ಪೆಟ್ಟಿಗೆಯಲ್ಲೇ ಬರೆದಿದ್ದಾರೆ."

ಅವಳ ಅಳು ಟಕ್ಕನೆ ನಿಂತಿತು. "ಟೋಸ್ಟು!"

ಅವರ ಮದುವೆಯಲ್ಲಿ ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತು ವೈನಿನ ಗ್ಲಾಸು ಎತ್ತಿ ಮದುಮಕ್ಕಳಿಗೆ ಶುಭ ಕೋರುವ ಪದ್ಧತಿ. ವೈನ್ ಮಾಡಿದವಳು ಅವಳ ಮೌಶಿ, ಅಂದರೆ ಚಿಕ್ಕಮ್ಮ. ಈ ಮದುವೆಗೆಂದೇ ತಿಂಗಳುಗಟ್ಟಲೆ ಭರಣಿಯಲ್ಲಿ ದ್ರಾಕ್ಷಿ ಹಾಕಿ ಕಾದವಳು.

"ನಾನು ಕುಡಿಯದಿದ್ದರೆ ಮೌಶಿ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚು, ಮದುಮಗಳು ವೈನ್ ಮುಟ್ಟಲಿಲ್ಲ ಅಂದರೆ ಇಗರ್ಜಿಗೆ ಪೂಜೆಗೆ ಬರುವ ಅಷ್ಟೂ ಹೆಂಗಸರು ಒಟ್ಟಿಗೆ ಬೆರಳು ಮಡಚಿ ತಿಂಗಳು ಎಣಿಸುತ್ತಾರೆ!"

ಅದು ನಿಜವೇ. ನಾನು ಯೋಚಿಸಿ ಹೇಳಿದೆ, "ಪುನರ್ಪುಳಿ." ನಮ್ಮ ಪುನರ್ಪುಳಿ ಹಣ್ಣಿನ ಶರಬತ್ತು ಗಾಜಿನ ಗ್ಲಾಸಿಗೆ ಹಾಕಿದರೆ ಥೇಟ್ ದ್ರಾಕ್ಷಿಯ ಬಣ್ಣ. ಶನಿವಾರ ನಾನೇ ತರುತ್ತೇನೆಂದು ಮಾತು ಕೊಟ್ಟೆ.

ಗುರುವಾರ ಅವಳ ಫೋನು. "ಅಕ್ಕಾ, ವಾಸನೆ ಪೂರ್ತಿ ಹೋಯಿತು. ಮೂರು ರಾತ್ರಿಗೆ ನಿಲ್ಲಿಸಬಹುದಾ? ಮನೆ ತುಂಬ ನೆಂಟರು. ನಿನ್ನೆ ರೂಮಿನ ಚಿಲಕ ಹಾಕಿದ್ದಕ್ಕೆ ಮೌಶಿ ಬಾಗಿಲು ಬಡಿದಳು. ಎಂತ ಮಾಡ್ತಿದ್ದಿ ಅಂತ ಕೇಳಿದಳು. ಪ್ರಾರ್ಥನೆ ಅಂದೆ. ನಾವೂ ಸೇರುತ್ತೇವೆ, ಬಾಗಿಲು ತೆಗೆ ಅಂತ ಆರು ಜನ ಹೊರಗೆ ಮೊಣಕಾಲೂರಿದರು!"

"ಐದು ಅಂದರೆ ಐದು," ಎಂದೆ. "ಇನ್ನೆರಡು ರಾತ್ರಿ ಪ್ರಾರ್ಥನೆ ಮಾಡು." ಪುಣ್ಯಾತ್ಗಿತ್ತಿ, ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರದ ಗಲಾಟೆಯ ರಾತ್ರಿಯೂ ತಪ್ಪಿಸಲಿಲ್ಲ.

ಶನಿವಾರ ನಾನು ಗೆಳತಿಯೆಂಬ ಹೆಸರಿನಲ್ಲಿ ಮದುವೆಗೆ ಹೋದೆ. ವ್ಯಾನಿಟಿ ಬ್ಯಾಗಿನಲ್ಲಿ ಪುನರ್ಪುಳಿಯ ಬಾಟ್ಲಿ. ಮದುಮಗಳ ಗ್ಲಾಸನ್ನು ಯಾರಿಗೂ ಕಾಣದ ಹಾಗೆ ಬದಲಿಸಿ ಬಂದು ಕೂತೆ. ಅವಳ ಮಾಮ ಮೈಕ್ ಹಿಡಿದು ಟೋಸ್ಟಿನ ಭಾಷಣ ಮುಗಿಸಿದರು. ಎಲ್ಲರೂ ಗ್ಲಾಸು ಎತ್ತಿದರು. ಆಗ ಮಾಮ ಇನ್ನೊಂದು ಮಾತು ಸೇರಿಸಿದರು: "ಮೊದಲ ಗುಟುಕು ಮದುಮಗ ತನ್ನ ಗ್ಲಾಸಿನಿಂದ ಮದುಮಗಳಿಗೆ ಕುಡಿಸಬೇಕು. ಮದುಮಗಳು ತನ್ನ ಗ್ಲಾಸಿನಿಂದ ಮದುಮಗನಿಗೆ!"

ಅವನ ಗ್ಲಾಸಿನಲ್ಲಿರುವುದು ಮೌಶಿಯ ವೈನು, ಅದು ಅವಳ ಬಾಯಿಗೆ. ಅವಳದ್ದು ಪುನರ್ಪುಳಿ, ಅದು ಅವನ ಬಾಯಿಗೆ. ಮದ್ದೂ ಕೆಟ್ಟಿತು, ಗುಟ್ಟೂ ಕೆಟ್ಟಿತು. ಅವಳು ನನ್ನ ಕಡೆ ನೋಡಿದಳು. ನಾನು ದೇವರ ಕಡೆ ನೋಡಿದೆ. ವಿಚಿತ್ರವೆಂದರೆ ಮದುಮಗನೂ ತನ್ನ ಅಮ್ಮನ ಕಡೆ ನೋಡುತ್ತಿದ್ದ.

ಇಬ್ಬರೂ ಗುಟುಕರಿಸಿದರು. ಇಬ್ಬರ ಕಣ್ಣೂ ಒಟ್ಟಿಗೆ ಅಗಲವಾಯಿತು. ಆಮೇಲೆ ಇಬ್ಬರೂ ನಗತೊಡಗಿದರು, ಎಂಥ ನಗು ಅಂದರೆ ಅವನ ಬಿಳಿ ಶರ್ಟಿನ ಮೇಲೆಲ್ಲ ಕೆಂಪು.

ನಾನು ಓಡಿ ಶುಭಾಶಯದ ಸಾಲಿನಲ್ಲಿ ಮೊದಲಿಗಳಾಗಿ ನಿಂತೆ. ಕೊಂಕಣಿ ನನಗೆ ಅಂಗಡಿಗೆ ಬೇಕಾದಷ್ಟು ಬರುತ್ತದೆ. ಮದುಮಗ ಅವಳ ಕಿವಿಯಲ್ಲಿ ಹೇಳುತ್ತಿದ್ದ: ಗಲ್ಫಿನಿಂದ ರಜೆಯಲ್ಲಿ ಬಂದವನು ಬುದ್ಧಿಹಲ್ಲು ಕೀಳಿಸಿಕೊಂಡಿದ್ದಾನೆ. ಅಲ್ಲಿ ದುಬಾರಿ ಎಂದು ಗಲ್ಫಿನವರು ಹಲ್ಲುನೋವನ್ನೂ ಊರಿಗೇ ತರುತ್ತಾರೆ. ಹಲ್ಲಿನ ಡಾಕ್ಟರು ಮೆಟ್ರೊನಿಡಜೋಲ್ ಮಾತ್ರೆ ಕೊಟ್ಟು ಕುಡಿಯಬೇಡ ಎಂದಿದ್ದಾರೆ. ಗೆಳೆಯರು ತಮಾಷೆ ಮಾಡಿಯಾರೆಂದು ಕಾಪುವಿನ ಅವನ ಅಮ್ಮ ಪುನರ್ಪುಳಿ ಮಾಡಿ ಅವನ ಗ್ಲಾಸಿಗೆ ಹಾಕಿದ್ದಾರೆ.

"ನನ್ನದೂ ಅದೇ ಮದ್ದು," ಎಂದಳು ಅವಳು.

"ಅಯ್ಯೋ, ನಿನಗೂ ಹಲ್ಲಾ? ಯಾವ ಹಲ್ಲು?"

ಮಟ್ಟುವಿನವರಾಗಿದ್ದರೆ ಇಲ್ಲಿ ಕೆಮ್ಮುತ್ತಿದ್ದರು. ಇವಳು ಕೆಮ್ಮಲಿಲ್ಲ. "ಹಲ್ಲಲ್ಲ. ಮನೆಗೆ ಹೋದ ಮೇಲೆ ಎಲ್ಲ ಹೇಳುತ್ತೇನೆ," ಎಂದು ಅವನ ಕೈ ಹಿಡಿದುಕೊಂಡಳು. ಅವನು ಸರಿ ಎಂದು ತಲೆಯಾಡಿಸಿದ. ಸೋಮವಾರ ಅಳುತ್ತಾ ಬಂದವಳು ಇವಳೇನಾ ಎಂದು ನನಗೇ ಕಣ್ಣು ತುಂಬಿತು.

ಅಷ್ಟರಲ್ಲಿ ಹಿಂದಿನಿಂದ ಮೌಶಿ ಜನರನ್ನು ಸರಿಸಿಕೊಂಡು ಬಂದಳು. ಅಂಗಿಯೆಲ್ಲ ಕೆಂಪು ಮಾಡಿಕೊಂಡು ಇನ್ನೂ ನಗುತ್ತಿದ್ದ ಇಬ್ಬರನ್ನೂ ನೋಡಿ ಸೊಂಟಕ್ಕೆ ಕೈಯಿಟ್ಟು, ಇಡೀ ಸಭೆಗೆ ಕೇಳುವ ಹಾಗೆ ಹೇಳಿದಳು:

"ನೋಡಿದಿರಾ ನನ್ನ ವೈನು! ಒಂದು ಗುಟುಕಿಗೇ ಇಬ್ಬರಿಗೂ ಏರಿತು!"