ಸಾರಕ್ಕಿಯ ಹೊಸ ಯಜಮಾನಿಕೆ ಕುರಿತು ಪೆಂಗ್ವಿನ್ ಹಕ್ಕಿಗೆ ಒಂದು ಅಹವಾಲು

ಸಾರಕ್ಕಿ, ಬೆಂಗಳೂರು
ಯುಗಾದಿಯ ಮಾರನೆಯ ವಾರ, ೨೦೦೫

ಸದಾ ಕಪ್ಪು ಕೋಟು ಧರಿಸಿ, ಈಗಷ್ಟೇ ಬಾಳೆಲೆಯಿಂದ ಎದ್ದವರಂತೆ ಹೊಟ್ಟೆ ಮುಂದಿಟ್ಟುಕೊಂಡು ಕುಳಿತಿರುವ, ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಸಿ.ಡಿ. ಹೊದಿಕೆಯ ಮೇಲಿನ ಪೆಂಗ್ವಿನ್ ಮಹಾಶಯರ ಸನ್ನಿಧಿಗೆ, ಬೈರಣ್ಣನವರ ಹಿಂಬದಿ ಮನೆಯ ಬಾಡಿಗೆದಾರಳಾದ ರಾಜಶ್ರೀ ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ನಾವು ಇಲ್ಲಿ ಕ್ಷೇಮವೋ ಅಲ್ಲವೋ ಎಂಬುದನ್ನು ಈ ಪತ್ರ ಓದಿ ಮುಗಿಸಿದ ಮೇಲೆ ತಾವೇ ತೀರ್ಮಾನಿಸಬೇಕಾಗಿ ಕೋರುತ್ತೇನೆ. ನಾನು ಗದಗಿನ ಕಡೆಯವಳು. ಕನ್ನಡದಲ್ಲಿ ಎಂ.ಎ. ಮಾಡಿ, ಜಯನಗರದ ಒಂದು ಅಚ್ಚುಕೂಟಕ್ಕೆ ಕರಡು ತಿದ್ದಿಕೊಡುತ್ತ, ನನ್ನ ತಮ್ಮ ಗುರುಸಿದ್ದನೊಂದಿಗೆ ಎರಡು ಕೋಣೆಗಳ ಮನೆಯಲ್ಲಿದ್ದೇನೆ. ಎದುರಿಗೆ ನಿಂತು ಮಾತಾಡುವುದು ನನ್ನಿಂದಾಗದ ಕೆಲಸ. ತಾವು ಹಕ್ಕಿಯಾಗಿರುವುದರಿಂದಲೂ ಬಹಳ ದೂರದಲ್ಲಿರುವುದರಿಂದಲೂ ಇಷ್ಟು ಧೈರ್ಯ ಮಾಡಿದ್ದೇನೆ.

ನಮ್ಮ ಮನೆಯ ಮಾಲೀಕರಾದ ಬೈರಣ್ಣನವರು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವರು. ಅವರ ಹೊಲದ ಮೇಲೆ ಈಗ ಜೆ.ಪಿ. ನಗರದ ಮೂರು ಅಡ್ಡರಸ್ತೆಗಳೂ ಒಂದು ಬೇಕರಿಯೂ ನಿಂತಿವೆ. ತಲಘಟ್ಟಪುರದಲ್ಲಿರುವ ಅವರ ತಂಗಿ ತಿಮ್ಮಕ್ಕನ ಮಗ ಮುತ್ತುರಾಜನಿಗೆ ನಮ್ಮ ಎರಡು ಕೋಣೆಗಳ ಮೇಲೆ ಕಣ್ಣಿತ್ತು, ನಮ್ಮ ಅಗ್ರಿಮೆಂಟು ಯುಗಾದಿಗೆ ಮುಗಿಯುವುದಿತ್ತು. ಬೈರಣ್ಣನವರು ಪ್ರತಿ ಸಂಜೆ, "ಮನೆ ಇಚಾರ ಒಸಿ ಮಾತಾಡ್ಬೇಕಿತ್ತು ಕಣಪ್ಪಾ" ಎನ್ನುತ್ತಲೇ ಒಳಗೆ ಬಂದು, ನಮ್ಮ ಕಂಪ್ಯೂಟರಿನ ಮುಂದೆ ಕುಳಿತು, ಇಸ್ಪೀಟಿನ ಆಟ ತೆರೆದು, ಹೆಂಡತಿ ಮುನಿಲಕ್ಷ್ಮಮ್ಮನವರು ಮುದ್ದೆ ಆರುತ್ತದೆಂದು ಕೂಗುವವರೆಗೂ ಆಡಿ, "ನಾಳೆ ಮಾತಾಡಾನ ಬಿಡು" ಎಂದು ಎದ್ದು ಹೋಗುತ್ತಿದ್ದರು. ಹೀಗೆ ನಮ್ಮ ತಲೆಯ ಮೇಲಿನ ಸೂರು ಕಳಾವರ್ ರಾಣಿಯ ಕೃಪೆಯಿಂದ ನಿಂತಿತ್ತು. ಈ ಆಟದಲ್ಲಿ ಬೈರಣ್ಣನವರು ಒಂದು ದಿನವೂ ಸೋತವರಲ್ಲ ಎಂಬುದನ್ನು ತಮ್ಮ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇನೆ.

ಇಂಥ ನೆಮ್ಮದಿಯೊಳಗೆ ತಮ್ಮ ಆಗಮನವಾಯಿತು. ನಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ವ್ಯವಸ್ಥೆ ಯಾರದೋ ಸಿ.ಡಿ.ಯಿಂದ ನಕಲು ಮಾಡಿದ್ದು, ಮೇಲಾಗಿ ವಾರಕ್ಕೊಮ್ಮೆ ವೈರಸ್ ತಗುಲಿ ಮಲಗುತ್ತಿತ್ತು. ಬಿಟಿಎಂ ಲೇಔಟಿನ ಆಫೀಸಿನಲ್ಲಿ ಗೆಳೆಯನೊಬ್ಬ ಕೊಟ್ಟ ಸಿ.ಡಿ.ಯನ್ನು ಪ್ರಸಾದದಂತೆ ಹಿಡಿದುಕೊಂಡು ಬಂದ ನನ್ನ ತಮ್ಮ, "ಕದ್ದ ಸಾಮಾನಿನ ಮ್ಯಾಲ ಎಷ್ಟ್ ದಿನ ಕುಂದ್ರೂದಕ್ಕಾ? ಇದು ಯಾರಪ್ಪನ ಆಸ್ತಿನೂ ಅಲ್ಲ, ಎಲ್ಲಾರ್ದೂ ಐತಿ" ಎಂದು ಭಾಷಣ ಮಾಡಿ, ಒಂದು ಭಾನುವಾರ ಹಳೆಯದನ್ನೆಲ್ಲ ಅಳಿಸಿ ತಮ್ಮನ್ನು ಪ್ರತಿಷ್ಠಾಪಿಸಿದ. ಮುನಿಲಕ್ಷ್ಮಮ್ಮನವರು ಬಂದು ಮಾನಿಟರಿನ ಹಣೆಗೆ ಕುಂಕುಮವಿಟ್ಟರು. ಕನ್ನಡದ ಒತ್ತಕ್ಷರಗಳು ತಮ್ಮ ರಾಜ್ಯದಲ್ಲಿ ಅಕ್ಷರದ ಕೆಳಗೆ ಕೂರಲೊಪ್ಪದೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದವು. ಕರಡು ತಿದ್ದುವವಳಾದ ನಾನು ಅದನ್ನೂ ಕಣ್ಣು ಮುಚ್ಚಿ ಸಹಿಸಿದೆ. ಏಕೆಂದರೆ ತಮ್ಮಲ್ಲಿ ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡು, 'ಹೋಮ್' ಎಂಬ ಬೇರೆ ಜಾಗ. "ನಿನ್ನ ಹೋಮ್‌ನ್ಯಾಗ ನೀ ಏನ್ ಬರದ್ರೂ ಯಾರೂ ನೋಡಂಗಿಲ್ಲಕ್ಕಾ" ಎಂದು ಗುರುಸಿದ್ದ ಹೇಳಿದಾಗ, ಒಳಗಿನಿಂದ ಚಿಲಕವಿರುವ ಕೋಣೆಯೊಂದು ನನಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿತೆಂದು ಎಷ್ಟು ಹಿಗ್ಗಿದೆನೆಂಬುದನ್ನು ತಮಗೆ ಹೇಗೆ ಹೇಳಲಿ!

ಅಂದು ಸಂಜೆ ಬೈರಣ್ಣನವರು ಎಂದಿನಂತೆ ಬಂದು ಕುಳಿತರು. ತಾವು ಅವರ ಹೆಸರು ಕೇಳಿದಿರಿ.

ಮಾನ್ಯರೇ, ಅದು ತಮ್ಮ ಕರ್ತವ್ಯವೇ ಇರಬಹುದು. ಆದರೆ ಸಾರಕ್ಕಿಯಲ್ಲಿ ಬೈರಣ್ಣನವರನ್ನು ಯಾರೆಂದು ಕೇಳಿದವರು ತಮಗಿಂತ ಮುಂಚೆ ಯಾರೂ ಇರಲಿಲ್ಲ. "ನನ್ ಮನೇಲ್ ಕುಂತ್ಕಂಡು ನನ್ನೇ ಯಾರು ಅಂತ ಕೇಳ್ತೈತಲ್ಲ, ಯಾವ್ದಪ್ಪಾ ಇದು ಬಾತುಕೋಳಿ?" ಎಂದು ಅವರು ಎದ್ದುನಿಂತರು. ಗುರುಸಿದ್ದ ಗಡಬಡಿಸಿ, "ಅದು ಎಲ್ಲಾರ್ನೂ ಕೇಳ್ತೈತ್ರೀ ಅಣ್ಣಾರ" ಎಂದು ಅವರ ಹೆಸರಿನಲ್ಲೂ ಒಂದು ಖಾತೆ ತೆರೆದುಕೊಟ್ಟ. ಅವರು ಮತ್ತೆ ಕುಳಿತು, ಮೂಲೆಯಲ್ಲಿದ್ದ ಗಡಿಯಾರವನ್ನು ತಮ್ಮ ಮನೆಯ ಎಲ್ಲ ಗಡಿಯಾರಗಳಂತೆ ಹತ್ತು ನಿಮಿಷ ಮುಂದಿಡಲು ಹೋದರು. ತಾವು ಅನುಮತಿ ಇಲ್ಲವೆಂದಿರಿ. ಗುರುಸಿದ್ದ ಅದನ್ನು ಕನ್ನಡದಲ್ಲಿ ಹೇಳಬಾರದಿತ್ತು, ಹೇಳಿಬಿಟ್ಟ. ಬೈರಣ್ಣನವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಇಸ್ಪೀಟಿನ ಕಡೆ ತಿರುಗಿಯೂ ನೋಡದೆ, "ಆ ಮನೆ ಇಚಾರ ಇವತ್ತೇ ಮಾತಾಡ್ಬುಡಾನ" ಎಂದರು.

ಮೇಲೆ ಖಾಲಿ ಮನೆಯ ಬೋರ್ಡು ತೂಗುತ್ತಿದ್ದರೂ ಗೇಟಿನಲ್ಲಿ ಊರು, ಜಾತಿ, ಮೊಟ್ಟೆಯ ವಿಚಾರ ಕೇಳಿ ಇಲ್ಲವೆನ್ನುವ ಬನಶಂಕರಿಯ ಎಲ್ಲ ಬೀದಿಗಳೂ ಒಮ್ಮೆಲೇ ಕಣ್ಮುಂದೆ ಬಂದವು. ಆಗ ನನ್ನ ತಮ್ಮ, ತಮ್ಮ ಜಾತಿಯ ಕಂಪ್ಯೂಟರು ಬಳಸುವ ಬೇರೆ ಯಾವ ದೇಶದವನೂ ಮಾಡಿರಲಾರದ ಕೆಲಸವೊಂದನ್ನು ಮಾಡಿದ. ಮನೆಯ ಮಾಲೀಕರನ್ನು ಅವರದೇ ಛಾವಣಿಯ ಕೆಳಗೆ ಸಾಮಾನ್ಯ ಬಳಕೆದಾರರ ಸಾಲಿನಲ್ಲಿ ಕೂರಿಸುವುದು ಮರ್ಯಾದೆಯಲ್ಲವೆಂದು ಕೈಮುಗಿದು, "ಅಣ್ಣಾರ, ಇದ್ರಾಗೂ ರೂಟ್ ಅಂತ ಒಬ್ಬಾಂವ ಓನರ್ ಇರ್ತಾನ್ರೀ. ಅಂವಗ ಯಾರೂ ಬ್ಯಾಡ ಅನ್ನಂಗಿಲ್ಲ. ಅದು ನೀವ ಆಗ್ಬೇಕ್ರೀ" ಎಂದು ಆ ಸರ್ವಾಧಿಕಾರದ ಪಾಸ್‌ವರ್ಡನ್ನು ಅವರಿಗೆ ಒಪ್ಪಿಸಿಬಿಟ್ಟ.

ರೂಟ್ ಒಳಬಂದಾಗ ಪರದೆಯನ್ನೆಲ್ಲ ಕೆಂಪಾಗಿಸುವ ತಮ್ಮ ಏರ್ಪಾಡು ಅಪಾಯದ ಎಚ್ಚರಿಕೆಯೆಂದು ಆಮೇಲೆ ತಿಳಿಯಿತು. ನಮ್ಮ ಕಡೆ ಅಪಾಯಕ್ಕೆ ಆ ಬಣ್ಣ ಹಾಕುವುದಿಲ್ಲ ಸ್ವಾಮಿ. "ಬನಶಂಕ್ರಮ್ಮನ ಸೀರೆ ಬಣ್ಣ! ಓನರ್ ಯಾರೂ ಅಂತ ಗೊತ್ತಾಯ್ತು ನೋಡು ಅದುಕ್ಕೆ" ಎಂದು ಬೈರಣ್ಣನವರು ಪ್ರಸನ್ನರಾದರು. ಮೊದಲು ಗಡಿಯಾರವನ್ನು ಮುಂದಿಟ್ಟರು. ಆಮೇಲೆ, "ಕೀ ಬೇರೇರತ್ರ ಇದ್ರೆ ಅದೆಂಥಾ ಮನೆ?" ಎಂದು ಪಾಸ್‌ವರ್ಡು ಬದಲಾಯಿಸಿದರು.

ಆಮೇಲಿನದು ತಮಗೆ ತಿಳಿದದ್ದೇ. ಹೊಸ ಹೆಸರು ಬರೆದು ಗುಂಡಿ ಒತ್ತಿದರೆ ಹೊಸ ಹೋಮ್ ಎದ್ದು ನಿಲ್ಲುತ್ತದೆಂದು ಅವರಿಗೆ ಗೊತ್ತಾಯಿತು. ಪಾಯ ಬೇಡ, ಮೇಸ್ತ್ರಿ ಬೇಡ, ಕಾರ್ಪೊರೇಷನ್ನಿನವರ ಕಾಟವಿಲ್ಲ. ಮುನಿಲಕ್ಷ್ಮಮ್ಮನವರಿಗೊಂದು, ಮಗ ಶಿವರಾಮನಿಗೊಂದು, ಇನ್ನೂ ನೋಡಿರದ ಸೊಸೆಗೊಂದು, ಅವರ ಹಸುವಿನ ಹಾಲು ಹಾಕಿಸಿಕೊಳ್ಳುವವರಿಗೆಲ್ಲ ಸಾಲಾಗಿ ಒಂದೊಂದು. ಹೊಲ ಕೊಟ್ಟ ಮೇಲೆ ಇಷ್ಟು ಹುಮ್ಮಸ್ಸಿನಿಂದ ಲೇಔಟು ಮಾಡಿದ್ದು ಅವರ ಬಾಳಿನಲ್ಲಿ ಇದೇ ಮೊದಲಂತೆ. ನಾವೋ, ಒಂದು ಹಾಡಿನ ಸಿ.ಡಿ. ಹಾಕಬೇಕೆಂದರೂ ಅವರ ಬಾಗಿಲಿಗೆ ಹೋಗಿ ನಿಲ್ಲಬೇಕು. ನಾನು ಹೊಸ್ತಿಲು ನೋಡುತ್ತ ನಿಂತಿದ್ದರೆ ಮುನಿಲಕ್ಷ್ಮಮ್ಮನವರೇ ಕರುಣೆಯಿಂದ, "ಎದ್ದೋಗ್ರೀ, ಆ ಮಗ ಬಾಗ್ಲಾಗ್ ನಿಂತೈತೆ, ನಿಮ್ ಮಂತ್ರ ಒತ್ಬುಟ್ಟು ಬನ್ನಿ" ಎನ್ನುತ್ತಾರೆ. ಬೈರಣ್ಣನವರು ಹಸುವಿಗೆ ಹುಲ್ಲು ಹಾಕಿ, ಕೈ ತೊಳೆದು, ಬಂದು, ನಮ್ಮನ್ನು ಅತ್ತ ತಿರುಗಿ ನಿಲ್ಲಲು ಹೇಳಿ, ಒಂದೇ ಬೆರಳಿನಿಂದ ಪಾಸ್‌ವರ್ಡು ಒತ್ತುತ್ತಾರೆ. ಬೇರೆ ದಾರಿಯಿಂದ ಒಳಹೊಕ್ಕು ಅದನ್ನು ಬದಲಿಸುವ ಉಪಾಯ ಗುರುಸಿದ್ದನಿಗೆ ಗೊತ್ತು. "ಓನರ್ ಬೀಗ ಮುರದು ಅವ್ರ ಮನ್ಯಾಗ ಇರೂದು ಹ್ಯಾಂಗಕ್ಕಾ?" ಎಂದು ಸುಮ್ಮನಿದ್ದಾನೆ.

ಯುಗಾದಿಗೆ ಮುಂಚೆ ಮುತ್ತುರಾಜ ಕೋಣೆಗಳ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದೇ ಬಂದ. ಬೈರಣ್ಣನವರು ಅಭಿಮಾನದಿಂದ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಅವನಿಗೆಂದು ಕಟ್ಟಿಟ್ಟಿದ್ದ ಹೋಮ್ ತೋರಿಸಿದರು. ಅವನು ಒಳಗೆ ಕಣ್ಣಾಡಿಸಿ, "ಇದ್ರಲ್ಲೇನಿದೆ ಮಾವ, ಆ ಕೆಂಪು ಪಾಸ್‌ವರ್ಡ್ ಕೊಡು. ನಿಂಗ್ಯಾಕೆ ಈ ವಯಸ್ಸಲ್ಲಿ ತಲೆನೋವು? ಎಲ್ಲಾ ನಾನೇ ನೋಡ್ಕೋತೀನಿ" ಎಂದ. ಬೈರಣ್ಣನವರು ಮುತ್ತುರಾಜನ ಕೈಯಿಂದ ಟೇಪು ಇಸಿದುಕೊಂಡು, ಸುತ್ತಿ, ತಮ್ಮ ಜೇಬಿಗೆ ಹಾಕಿಕೊಂಡರು. ಅವನು ಹೋದ ಮೇಲೆ ನಮ್ಮ ಕಡೆ ತಿರುಗಿ, "ಇಷ್ಟಗಲ ಡಬ್ಬದಾಗೆ ಒಂದ್ ಮೂಲೆ ಕೊಟ್ರೆ ಯಜಮಾನ್ಕೆನೇ ಕೇಳ್ದ. ಮನೆ ಕೊಟ್ರೆ ನನ್ನ ಎಲ್ ಮಲಗುಸ್ತಾನೋ! ನೀವೇ ಇರ್ರಪ್ಪಾ" ಎಂದರು. ಅಗ್ರಿಮೆಂಟು ಮುಂದುವರಿಯಿತು. ಕಂಪ್ಯೂಟರಿನ ಯಜಮಾನಿಕೆ ಮಾತ್ರ ಅವರಲ್ಲೇ ಇರತಕ್ಕದ್ದೆಂಬ ಒಂದು ಮಾತು ಸೇರಿತು.

ಆದ್ದರಿಂದ, ಮಾನ್ಯರೇ, ಮನೆ ಉಳಿಸಿಕೊಟ್ಟ ತಮ್ಮ ಉಪಕಾರವನ್ನು ಹೊಗಳಲು ನನ್ನ ಎಂ.ಎ. ಸಾಲದು. ಆದರೆ ಮೊದಲು ಮನೆಗಷ್ಟೇ ಬಾಡಿಗೆದಾರರಾಗಿದ್ದ ನಾವು ಈಗ ನಮ್ಮದೇ ಕಂಪ್ಯೂಟರಿಗೂ ಬಾಡಿಗೆದಾರರು. ಯಾರಪ್ಪನ ಆಸ್ತಿಯೂ ಅಲ್ಲದ ತಮ್ಮ ವ್ಯವಸ್ಥೆಗೆ ಸಾರಕ್ಕಿಯಲ್ಲಿ ಒಬ್ಬ ಅಪ್ಪ ಸಿಕ್ಕಿದ್ದಾರೆ. ದಯಮಾಡಿ ಮುಂದಿನ ಆವೃತ್ತಿಯಲ್ಲಿ, ನೋಡಲು ರೂಟಿಗಿಂತ ದೊಡ್ಡದಾಗಿದ್ದು, ಪರದೆಯನ್ನು ಇನ್ನೂ ಕೆಂಪಾಗಿಸಿ, ಗಡಿಯಾರ ಮತ್ತು ಇಸ್ಪೀಟಿನ ಹೊರತು ಬೇರೇನನ್ನೂ ಮುಟ್ಟಲಾಗದ ಪದವಿಯೊಂದನ್ನು ಮಾಲೀಕರಿಗೆಂದೇ ಸೃಷ್ಟಿಸಿ. ಅದಾಗದಿದ್ದರೆ ತಾವೇ ಒಮ್ಮೆ ಸಾರಕ್ಕಿಗೆ ದಯಮಾಡಿಸಿ ಅವರೊಡನೆ ಮಾತಾಡಿ. ಕೆರೆಯಲ್ಲಿ ಹಿಮವಿಲ್ಲ, ನೊರೆ ಬೇಕಾದಷ್ಟಿದೆ. ಗೇಟಿನಲ್ಲಿ ತಮ್ಮ ಊರು, ಜಾತಿ, ಮೊಟ್ಟೆಯ ವಿಚಾರ ಕೇಳುತ್ತಾರೆ. ಮೊಟ್ಟೆಯ ವಿಚಾರದಲ್ಲಿ ತಾವು ಸ್ವಲ್ಪ ಎಚ್ಚರದಿಂದ ಉತ್ತರಿಸುವುದು ಒಳ್ಳೆಯದು.

ಅನುಮತಿ ಇರುವಷ್ಟು ದಿನ ತಮ್ಮ ವಿಶ್ವಾಸಿ,
ರಾಜಶ್ರೀ

ತಾ.ಕ.: ಈ ಪತ್ರವನ್ನು ನನ್ನ ಹೋಮ್‌ನಲ್ಲೇ, ಯಾರೂ ನೋಡುವುದಿಲ್ಲವೆಂಬ ಭರವಸೆಯ ಮೇಲೆ ಬರೆದಿಟ್ಟಿದ್ದೆ. ಇಂದು ಬೆಳಿಗ್ಗೆ ನೀರು ಹಿಡಿಯುತ್ತಿದ್ದಾಗ ಬೈರಣ್ಣನವರು ಕೊಟ್ಟಿಗೆಯಿಂದಲೇ, "ಯವ್ವಾ, ಕಾಗ್ದ ಸಂದಾಕ್ ಬರ್ದಿದೀಯ. ಆದ್ರೆ ಇಸ್ಪೀಟ್ನಾಗೆ ದಿನಾ ಸೋಲ್ತಾರೆ ಅಂತ ಯಾಕ್ ಬರ್ದೆ?" ಎಂದು ಕೂಗಿ ಕೇಳಿದರು. ರೂಟ್ ಆದವರು ಯಾರ ಹೋಮಿಗಾದರೂ ಬಾಗಿಲು ತಟ್ಟದೆ ಹೋಗಬಹುದೆಂದು ಗುರುಸಿದ್ದ ಈಗ ತಲೆ ಕೆರೆದುಕೊಂಡು ಹೇಳುತ್ತಿದ್ದಾನೆ. ಅದು ಸಾರಕ್ಕಿಯ ಮಾಲೀಕರ ಪದ್ಧತಿ ಮಾತ್ರವೆಂದು ನಾನು ತಿಳಿದಿದ್ದೆ. ಹಿಮದ ನಾಡಿನಲ್ಲೂ ಹಾಗೆಯೇ ಎಂದು ತಿಳಿದು ಸಂತೋಷವಾಯಿತು. ಸಂಬಂಧಪಟ್ಟ ವಾಕ್ಯವನ್ನು ತಿದ್ದಿದ್ದೇನೆ. ಅವರು ಒಂದು ದಿನವೂ ಸೋತವರಲ್ಲ.