ಕೆಟ್ಟ ಇಂಜೆಕ್ಟರನ್ನು ಮರಳಿ ಕೂಡಿಸಿದ ಅಧ್ಯಕ್ಷರಿಗೆ

ಇಚಲಕರಂಜಿ,
ಫೆಬ್ರುವರಿ ೧೯೬೪

ನೇಕಾರರ ನೂಲು ಸಹಕಾರಿ ಸಂಘದ ಅಧ್ಯಕ್ಷರೂ, ಸಂಘದ ಮೋಟಾರಿನ ಹಿಂದಿನ ಸೀಟಿಗೆ ಖಾಯಂ ಅಲಂಕಾರವೂ ಆದ ಶ್ರೀಮಾನ್ ಅಣ್ಣಾಸಾಹೇಬರ ಸನ್ನಿಧಿಗೆ, ಸಂಘದ ಎದುರಿನ ಬಯಲಿನಲ್ಲಿ ನೂಲಿಗೆ ಗಂಜಿ ಹಾಕಿ ಒಣಗಿಸುವ ಇಂದುಬಾಯಿಯ ಬಗ್ಗಿದ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ತಮ್ಮ ಮೋಟಾರಿನ ಹೊಗೆಯಿಂದ ದಿನಾಲೂ ತಿಳಿದುಬರುತ್ತಿದೆ. ಕೆಮ್ಮೊಂದನ್ನು ಬಿಟ್ಟರೆ ನಾವೂ ಕ್ಷೇಮ. ಸಭೆಗಳಲ್ಲಿ ತಾವು ಮರಾಠಿಯಲ್ಲಿ ಭಾಷಣ ಮಾಡಿದರೂ ಸಿಟ್ಟು ಬಂದಾಗ ಬೈಯುವುದು ಕನ್ನಡದಲ್ಲಿಯೇ ಆದುದರಿಂದ, ತಮ್ಮ ಹೃದಯಕ್ಕೆ ಹತ್ತಿರವಾದ ಭಾಷೆ ಇದೇ ಎಂದು ತಿಳಿದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಿಂದೆ ಮನೆಗೆ ಕಳಿಸಿದ ಅರ್ಜಿಗಳು ತಮ್ಮ ಮನೆಯ ನೀರೊಲೆ ಹೊತ್ತಿಸಲು ಬಹಳ ಉಪಯೋಗವಾದವೆಂದು ಕೇಳಿ ಸಂತೋಷವಾಯಿತು. ಈ ಸಲದ್ದನ್ನು ಮಾತ್ರ ಸಂಘದ ಬಾಗಿಲಿಗೇ ಅಂಟಿಸುತ್ತಿದ್ದೇನೆ, ಓದಲು ಬರುವವರೂ ಇರುತ್ತಾರೆಂದು.

ಸಂಘದ ಮೋಟಾರಿನ ಹಿರಿಮೆಯನ್ನು ನಾನು ಬಣ್ಣಿಸಬೇಕಾಗಿಲ್ಲ. ಯಾವುದೋ ಜಹಗೀರದಾರರ ಮನೆಯಲ್ಲಿ ಮುದಿಯಾಗಿ, ಪೆಟ್ರೋಲ್ ಎಂಜಿನ್ ತೆಗೆಸಿಕೊಂಡು ಡಿಝೆಲ್ ಎಂಜಿನ್ ಕೂಡಿಸಿಕೊಂಡು ನಮ್ಮ ಸಂಘಕ್ಕೆ ಬಂದ ಆ ವಾಹನ, ಕಳೆದ ದೀಪಾವಳಿಯ ಸುಮಾರಿಗೆ ಕರಿ ಹೊಗೆ ಉಗುಳಲು ಮತ್ತು ಕಬ್ಬಿಣದ ಪೆಟ್ಟಿಗೆಯಲ್ಲಿ ಯಾರೋ ಸುತ್ತಿಗೆ ಆಡಿಸಿದಂತೆ ಬಡಿದುಕೊಳ್ಳಲು ಸುರುಮಾಡಿತು. ತಾವು ಸಂಘದ ಮುಂದೆ ಇಳಿದು, ಕೆಲಸ ಮುಗಿಸಿ ಮರಳಿ ಹತ್ತುವವರೆಗೂ ಎಂಜಿನ್ ಬಂದ್ ಆಗಬಾರದೆಂದು ತಮ್ಮ ಅಪ್ಪಣೆ ಇದ್ದುದರಿಂದ, ನನ್ನ ಬಿದಿರುಗಳುಗಳ ಮೇಲಿನ ಬಿಳಿ ನೂಲಿನ ಲಡಿಗಳೆಲ್ಲ ಮಧ್ಯಾಹ್ನದೊಳಗಾಗಿ ಬೂದಿಬಣ್ಣಕ್ಕೆ ತಿರುಗುತ್ತಿದ್ದವು. ಧೋತರ ನೇಯುವವರು ಅವನ್ನು ಮರಳಿ ತಂದು ನನ್ನ ಅಂಗಳದಲ್ಲಿ ಎಸೆದು ಹೋದರು. ಮತ್ತೆ ತೊಳೆದು, ಮತ್ತೆ ಗಂಜಿ ಹಾಕಿ, ಮತ್ತೆ ಒಣಹಾಕಿದರೆ ಮತ್ತೆ ತಾವು ದಯಮಾಡಿಸುತ್ತಿದ್ದಿರಿ. ನನ್ನ ಕೈಕೆಳಗಿನ ಹೆಣ್ಣುಮಕ್ಕಳ ಹೊಟ್ಟೆ ಆ ಲಡಿಗಳ ಮೇಲಿದೆ ಎಂಬ ಸಣ್ಣ ಮಾತನ್ನು ತಮ್ಮಂಥ ದೊಡ್ಡವರ ಮುಂದೆ ಎತ್ತಲು ನಾಚಿಕೆಯಾಗುತ್ತದೆ.

ಆದರೂ ನಾಚಿಕೆ ಬಿಟ್ಟು ಒಂದು ದಿನ ಬಂದು ಕೇಳಿಕೊಂಡೆ. ಆಗ ತಾವು ಕಾರಿನ ಕಿಟಕಿಯಿಂದ ಕೊಟ್ಟ ಉಪದೇಶ ಇನ್ನೂ ಕಿವಿಯಲ್ಲಿದೆ. “ಹೊಗಿ ಬಂದ್ರ ಎಂಜಿನ್ ಗಟ್ಟಿ ಐತಿ ಅಂತ ಅರ್ಥ ಇಂದುಬಾಯಿ. ಸಕ್ರಿ ಕಾರಖಾನಿ ಚಿಮಣಿ ಹೊಗಿ ಬಿಡಂಗಿಲ್ಲೇನ? ನಿನ್ನ ನೂಲ ಆ ಕಡೆ ಸರಿಸು.” ಆ ಕಡೆ ಎಂದರೆ ಗಟಾರವಿದೆ ಎಂಬುದನ್ನು ತಾವು ಗಮನಿಸಿರಲಿಕ್ಕಿಲ್ಲ, ಅಧ್ಯಕ್ಷರು ಕೆಳಗೆ ನೋಡುವ ವಾಡಿಕೆ ಇಲ್ಲ.

ತಮ್ಮ ಡ್ರೈವರ್ ಗಣಪತ ಮಾತ್ರ ನೋಡಿದ. ತಮ್ಮ ಮನೆಯ ಹಿತ್ತಲಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟ ಕಪ್ಪಿನಲ್ಲಿ ಇಷ್ಟು ವರ್ಷ ಚಹಾ ಕುಡಿದು, ಆ ಕಪ್ಪನ್ನು ತಾನೇ ತೊಳೆದಿಟ್ಟು, ತಮ್ಮ ಬಗ್ಗೆ ಒಂದು ಕೆಟ್ಟ ಮಾತಾಡದ ಗಣಪತ. ಅವನು ನನ್ನ ಅಂಗಳಕ್ಕೆ ಬಂದು, ಮಸಿ ಹತ್ತಿದ ಒಂದು ಲಡಿಯನ್ನು ಕೈಯಲ್ಲಿ ಹಿಡಿದು, “ಬಾಯಾರ, ನಾನೂ ದಿನಾ ಹೇಳಾಕತ್ತೇನಿ, ಸಾಹೇಬ್ರು ಕೇಳವಲ್ರು. ಆಯಿತವಾರ ಊಟಾ ಮಾಡಿ ಅವರು ಮಲಗತಾರ. ಆವಾಗ ಗಾಡಿ ತೊಳ್ಯಾಕ ಅಂತ ಇಲ್ಲಿ ತರತೇನಿ, ನೋಡೂಣು” ಎಂದ. ಅಪ್ಪಣೆ ಇಲ್ಲದೆ ಗಾಡಿಗೆ ಕೈ ಹಚ್ಚಿದರೆ ತೊಂದರೆಯಾದೀತು ಎಂದೆ. “ಗಾಡಿ ಬಡಕೊಳ್ಳೂದು ಕೇಳಿದ್ರ ನನಗ ಊಟಾ ಹೋಗವಲ್ದರಿ” ಎಂದ. ತಮಗೆ ಊಟ ಚೆನ್ನಾಗಿ ಹೋಗುತ್ತಿತ್ತೆಂದು ಬಲ್ಲೆ.

ಮೊದಲು ಡಿಝೆಲ್ಲಿನಲ್ಲಿ ಕಸವಿರಬೇಕೆಂದು ಟಾಕಿಯನ್ನು ಬರಿದುಮಾಡಿ ತೊಳೆದೆವು. ಹೊಗೆ ಹೋಗಲಿಲ್ಲ. ಮುಂದಿನ ಆಯಿತವಾರ ಫಿಲ್ಟರ್ ಬದಲಿಸಿದ. ಹೊಗೆ ಇನ್ನಷ್ಟು ಹುರುಪಿನಿಂದ ಬಂತು. ಆಗ ಗಣಪತನಿಗೆ ಇಂಜೆಕ್ಟರುಗಳ ಮೇಲೆ ಸಂಶಯ ಬಂತು. ಅವು ಎಂಜಿನ್ನಿನೊಳಗೆ ಡಿಝೆಲ್ಲನ್ನು ಸಣ್ಣ ಮಂಜಿನಂತೆ ಸಿಂಪಡಿಸುವ ಮೂತಿಗಳಂತೆ. ಒಂದೊಂದು ಸಿಲಿಂಡರಿಗೆ ಒಂದೊಂದು. ಎಂಜಿನ್ ನಡೆಯುತ್ತಿದ್ದಾಗಲೇ ಅವುಗಳ ಪೈಪಿನ ನಟ್ಟನ್ನು ಒಂದಾದ ಮೇಲೊಂದು ಸಡಿಲಿಸಿ ಬಿಗಿದು ನೋಡಿದ. ಒಳ್ಳೆಯ ಇಂಜೆಕ್ಟರಿಗೆ ಎಣ್ಣೆ ತಪ್ಪಿದ ಕೂಡಲೆ ಎಂಜಿನ್ ತಡವರಿಸುತ್ತದೆ. ಮೊದಲಿನದಕ್ಕೆ ತಡವರಿಸಿತು, ಎರಡನೆಯದಕ್ಕೂ ತಡವರಿಸಿತು, ಮೂರನೆಯದನ್ನು ಸಡಿಲಿಸಿದಾಗ ಎಂಜಿನ್ನಿಗೆ ಏನೂ ಅನಿಸಲಿಲ್ಲ, ಬಡಿತ ಮಾತ್ರ ನಿಂತಿತು. “ಇದ್ದರೂ ಅಷ್ಟ, ಇಲ್ದಿದ್ದರೂ ಅಷ್ಟ. ಇದ ನೋಡ್ರಿ ಕೆಟ್ಟದ್ದು” ಎಂದ. ಕಳೆದ ಬೇಸಿಗೆಯಲ್ಲಿ ತಾವು ಹವಾ ಬದಲಿಗೆಂದು ಮಹಾಬಳೇಶ್ವರಕ್ಕೆ ಹೋಗಿದ್ದಾಗ ಸಂಘದ ಕೆಲಸ ಒಂದು ಕೂದಲೆಳೆಯಷ್ಟೂ ತಡವರಿಸಲಿಲ್ಲವೆಂಬುದು ಆ ಹೊತ್ತಿನಲ್ಲಿ ನನಗೆ ಯಾಕೆ ನೆನಪಾಯಿತೋ ತಿಳಿಯದು.

ಆ ಮೂರನೆಯದನ್ನು ಬಿಚ್ಚಿ, ಹೊರಗಡೆಯೇ ಪೈಪಿಗೆ ಕೂಡಿಸಿ, ನನ್ನನ್ನು ದೂರ ನಿಲ್ಲಿಸಿದ. ಒಳ್ಳೆಯದಿದ್ದರೆ ಎಣ್ಣೆ ಎಷ್ಟು ಜೋರಿನಿಂದ ಬರುತ್ತದೆಂದರೆ ಅಡ್ಡ ಹಿಡಿದ ಕೈಯ ಚರ್ಮದೊಳಗೇ ಹೊಗುತ್ತದಂತೆ. ಎಂಜಿನ್ ತಿರುಗಿಸಿದಾಗ ನಮ್ಮ ಇಂಜೆಕ್ಟರಿನಿಂದ ಮಂಜೂ ಬರಲಿಲ್ಲ, ಜೋರೂ ಬರಲಿಲ್ಲ. ಹಲ್ಲು ಬರುವ ಕೂಸಿನ ಬಾಯಿಯಂತೆ ಜೊಲ್ಲು ಸುರಿಯಿತು. ಗಣಪತ ಅದನ್ನು ಅರಿವೆಯಲ್ಲಿ ಸುತ್ತಿಕೊಂಡು ಕೊಲ್ಲಾಪುರದ ಬಸ್ಸು ಹತ್ತಿ, ಉದ್ಯಮನಗರದ ತಾತೋಬಾ ಮಿಸ್ತ್ರಿಯ ಕಡೆಗೆ ಹೋದ. ಮಿಸ್ತ್ರಿ ಇಂಗಾಲ ಕೆರೆದು ತೊಳೆದು ನೋಡಿದರೂ ಅದರೊಳಗಿನ ಸೂಜಿ ಸವೆದು ಹೋಗಿತ್ತಂತೆ. ಬೇರೊಂದು ಇಂಜೆಕ್ಟರಿಗೆ ಹೊಸ ಮೂತಿ ಹಾಕಿ, ಸ್ಪ್ರಿಂಗಿನ ಬಿಗುವು ಹೊಂದಿಸಿ ಕೊಟ್ಟ. ಖರ್ಚನ್ನು ನಾನು ಸಂತೋಷದಿಂದ ಕೊಟ್ಟೆ. ಹಳೆಯದನ್ನು ಗಣಪತ ಬಿಸಾಡಲಿಲ್ಲ, “ಸಂಘದ ಮಾಲು” ಎಂದು ಗಾಡಿಯ ಹತಾರದ ಪೆಟ್ಟಿಗೆಯಲ್ಲಿಟ್ಟ. ಆ ಪ್ರಾಮಾಣಿಕತನ ಮುಂದೆ ತಮಗೆ ಎಷ್ಟು ಅನುಕೂಲವಾಯಿತೆಂಬುದು ತಮಗೆ ಗೊತ್ತಿದೆ.

ಹೊಸದನ್ನು ಕೂಡಿಸಿದ ಮೇಲೆ ಹೊಗೆ ಹೋಯಿತು. ಬಡಿತ ಹೋಯಿತು. ಡಿಝೆಲ್ ಗಾಡಿ ಮೂಕವಾಗುವುದಿಲ್ಲ ನಿಜ, ಆದರೆ ನಮ್ಮೂರಿನ ಯಂತ್ರಮಗ್ಗಗಳ ಖಟಖಟದಲ್ಲಿ ಅದರ ಉಳಿದ ಸಪ್ಪಳ ಬೆರೆತು ಹೋಯಿತು. ಆ ವಾರ ನನ್ನ ನೂಲು ಮಲ್ಲಿಗೆಯಂತೆ ಒಣಗಿತು. ಹೆಣ್ಣುಮಕ್ಕಳು ಹಾಡಿಕೊಂಡು ಲಡಿ ಕಟ್ಟಿದರು. ಗಣಪತ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿದಂತೆ ನಿಂತಿದ್ದ.

ಅದೇ ವಾರ ಸಂಘದಲ್ಲಿ ಸಂಚಾಲಕರ ಸಭೆ ಇತ್ತು. ನೂಲಿನ ಪಾಳಿ ಕೇಳಲು ಬಂದಿದ್ದ ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ತಮ್ಮ ಮೋಟಾರು ಬಂದು ನಿಂತದ್ದು ಒಳಗಿನವರಿಗೆ ಕೇಳಲಿಲ್ಲ. ತಾವು ಬಾಗಿಲ ಹೊರಗೆ ಚಪ್ಪಲಿ ಬಿಡುವಾಗ ಹಿರಿಯ ಸಂಚಾಲಕರಾದ ಅಲ್ಲಪ್ಪನವರು ಒಳಗೆ ಹೇಳುತ್ತಿದ್ದರು: “ಗಾಡಿ ಒದರೂದು ಇನ್ನೂ ಕೇಳಿಲ್ಲ, ಅಲ್ಲಿತನಕಾ ಖರೇ ಮಾತಾಡೂಣು. ಛಲೋ ನೂಲೆಲ್ಲಾ ಅಧ್ಯಕ್ಷರ ಬೀಗರ ಮಗ್ಗಕ್ಕ ಹೋಗತೈತಿ. ಬಡವರಿಗೆ ಉಳದದ್ದು, ಹರದದ್ದು. ನಾವು ಹೌದ್ರಿ ಹೌದ್ರಿ ಅನಕೋತ ಕುಂಡ್ರತೇವಿ.” ಉಳಿದವರು ನಕ್ಕರು. ತಾವು ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ನಿಂತುಬಿಟ್ಟಿರಿ. ಆಮೇಲೆ ತಾವು ಒಳಗೆ ಹೋದಾಗ ಅಲ್ಲಪ್ಪನವರು ಎದ್ದು ನಿಂತು, “ಬರ್ರಿ ಬರ್ರಿ, ನಿಮ್ಮ ಹೊಗಳಿಕಿನ ನಡದಿತ್ತು” ಎಂದರು.

ಇಂಥ ಹೊತ್ತಿನಲ್ಲಿ ಸಾಮಾನ್ಯರಾಗಿದ್ದರೆ ನೂಲಿನ ಮಾತು ಎತ್ತುತ್ತಿದ್ದರು. ತಾವು ಅಸಾಮಾನ್ಯರು. ಹೊರಗೆ ಬಂದು ಗಣಪತನಿಗೆ, “ಗಾಡಿ ಸಪ್ಪಳ ಯಾಕ ಬರಲಿಲ್ಲ?” ಎಂದು ಕೇಳಿದಿರಿ. ಅವನು ಪಾಪ, ಹೊಗಳುತ್ತೀರೆಂದು ತಿಳಿದು, “ರಿಪೇರಿ ಮಾಡೇನ್ರಿ” ಎಂದ.

ಸಂಘದ ಮಾಲನ್ನು ಅಪ್ಪಣೆಯಿಲ್ಲದೆ ಬದಲಿಸಿದನೆಂದು ಅಂದೇ ಅವನನ್ನು ಕೆಲಸದಿಂದ ತೆಗೆದು ಹಾಕಿದ ತಮ್ಮ ನ್ಯಾಯಬುದ್ಧಿಗೆ ಏನೆನ್ನಲಿ. ಆ ಠರಾವಿಗೆ ಮೊದಲು ಕೈ ಎತ್ತಿದವರು ಅಲ್ಲಪ್ಪನವರೇ. ಹೇಳಿ ಮಾಡಿಸಿದವಳು ನಾನು ಎಂದು ತಮ್ಮ ಮನೆಗೆ ಬಂದು ಹೇಳಿದರೆ, “ಹೆಂಗಸರು ಎಂಜಿನ್ನಿನಾಗ ಕೈ ಹಾಕಬಾರದು” ಎಂದು ಬಾಗಿಲು ಹಾಕಿಕೊಂಡಿರಿ. ಪೆಟ್ಟಿಗೆಯಿಂದ ಆ ಸವೆದ ಇಂಜೆಕ್ಟರನ್ನು ತೆಗೆಸಿ, ಒಳ್ಳೆಯದನ್ನು ಕೀಳಿಸಿ, ಕೆಟ್ಟದ್ದನ್ನೇ ಮರಳಿ ಕೂಡಿಸಿದಿರಿ. ರಿಪೇರಿಯಾದ ವಾಹನವನ್ನು ಖರ್ಚು ಮಾಡಿ ಕೆಡಿಸಿದ ಅಧ್ಯಕ್ಷರು ಈ ಜಿಲ್ಲೆಯಲ್ಲಿ ತಾವೊಬ್ಬರೇ ಇರಬೇಕು.

ಗಣಪತನೂ ಅವನ ಹೆಂಡತಿ ಶೆವಂತಾಳೂ ಊರು ಬಿಡುವ ದಿನ ತಮ್ಮ ಮನೆಯಿಂದ ಆಳೊಬ್ಬ ಬಂದು ಆ ಬೇರೆ ಕಪ್ಪನ್ನು ಕೊಟ್ಟ, ಬೇರೆ ಯಾರೂ ಅದರಲ್ಲಿ ಕುಡಿಯುವುದಿಲ್ಲವಾದ್ದರಿಂದ ಒಯ್ಯಬೇಕಂತೆ. ಶೆವಂತಾ ಗಂಟು ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. “ಅವರದ ಅವರಿಗೆ ಇರಲಿ. ನಮ್ಮ ಮನ್ಯಾಗ ಕಪ್ ಅದಾವ” ಎಂದಳು. ಗಣಪತ ಈಗ ಗಡಹಿಂಗ್ಲಜದಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಲಾರಿ ನಡೆಸುತ್ತಿದ್ದಾನೆ. ಅವನನ್ನು ಮರಳಿ ಕರೆಸಿರೆಂದು ಕೇಳಲು ಈ ಪತ್ರವಲ್ಲ. ಹಾಗೆ ಬರೆಯಲೇನು ಎಂದು ಕೇಳಿದ್ದಕ್ಕೆ, “ಬ್ಯಾಡ್ರಿ ಬಾಯಾರ, ಇಲ್ಲಿ ಮಾಲಕರು ನನ್ನ ಬಾಜೂಕ ಕುಂತ ಚಹಾ ಕುಡೀತಾರ” ಎಂದಿದ್ದಾನೆ.

ಆದುದರಿಂದ ನನ್ನ ವಿನಂತಿ ನನ್ನ ಮಟ್ಟಿಗೆ ಮಾತ್ರ. ಮುಂದಿನ ಸಭೆಯಲ್ಲಿ, ಸಂಘದ ಕಡೆಯಿಂದ ನನ್ನ ಬಯಲಿನ ಕಡೆಗೆ ಗಾಳಿ ಬೀಸಕೂಡದೆಂದು ಒಂದು ಠರಾವು ಮಾಡಿಸಬೇಕು. ಅಲ್ಲಪ್ಪನವರು ಕೈ ಎತ್ತುತ್ತಾರೆ. ಅದಾಗದಿದ್ದರೆ ನಮ್ಮೂರಿನವರು ಇನ್ನು ಮುಂದೆ ಕರಿ ಧೋತರವನ್ನೇ ಉಡಬೇಕೆಂದು ಅಪ್ಪಣೆ ಕೊಡಿಸಬೇಕು. ಎರಡೂ ಆಗದಿದ್ದರೆ, ತಮ್ಮ ಮುಂದೊಬ್ಬ ಹಲಗೆ ಬಾರಿಸುವವನನ್ನು ನೇಮಿಸಿಕೊಂಡು ಮೋಟಾರನ್ನು ರಿಪೇರಿಗೆ ಬಿಡಬೇಕು. ಖರೇ ಮಾತು ನಿಲ್ಲಿಸಲು ಹಲಗೆ ಸಾಕು, ನನ್ನ ನೂಲಿಗೆ ಮಸಿ ಬಳಿಯಬೇಕಾಗಿಲ್ಲ.

ಹೊಗೆಯ ಮರೆಯಲ್ಲಿಯೂ ತಮ್ಮನ್ನು ಸ್ಪಷ್ಟವಾಗಿ ಕಾಣುತ್ತಿರುವ
ತಮ್ಮ ವಿಶ್ವಾಸಿ,
ಇಂದುಬಾಯಿ

ತಾ.ಕ.: ಇದನ್ನು ಅಂಟಿಸಲು ಗಂಜಿ ಕಲಸುತ್ತಿರುವಾಗಲೇ ತಮ್ಮ ಹೊಸ ಡ್ರೈವರ್, ಅಂದರೆ ತಮ್ಮ ಅಳಿಯ ಹಾಲಸಿದ್ದ, ಕೈಯೆಲ್ಲ ಮಸಿ ಮಾಡಿಕೊಂಡು ಬಂದ. ಮೋಟಾರು ಇಂದು ಮುಂಜಾನೆಯಿಂದ ಸುರುವೇ ಆಗುತ್ತಿಲ್ಲವಂತೆ. ಕೊಲ್ಲಾಪುರದಲ್ಲಿ ತಮಗೆ ಸತ್ಕಾರ ಸಮಾರಂಭವಿದೆಯಂತೆ, ಗಣಪತನ ವಿಳಾಸ ಬೇಕಂತೆ. ಗಣಪತ ಬರುವುದಿಲ್ಲ, ಬಸ್ಸು ಬರುತ್ತದೆ ಎಂದು ಹೇಳಿ ಕಳಿಸಿದ್ದೇನೆ. ಬಸ್ಸಿನಲ್ಲಿ ನಮ್ಮ ನೇಕಾರರೇ ತುಂಬಿರುತ್ತಾರೆ, ಯಾರು ಹತ್ತಿದರೆಂದು ತಿರುಗಿ ನೋಡದೆ ಮಾತಾಡುತ್ತಿರುತ್ತಾರೆ. ಆದುದರಿಂದ ಹಾಲಸಿದ್ದನ ಕೈಯಲ್ಲಿ ಒಂದು ಹಿಡಿ ಹತ್ತಿ ಕೊಟ್ಟಿದ್ದೇನೆ. ಎರಡೂ ಕಿವಿಗೆ ಸಾಕಾಗುವಷ್ಟಿದೆ.